ಹಳೆಯ ಅಂಬಾಸಿಡರ್ ಕಾರಿಗೆ ಇನ್ನೊಂದು ಫ್ಯಾನ್ ಹಾಕಿಸಬೇಕೆ?

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1972ರ ಅಂಬಾಸಿಡರ್ ಮಾರ್ಕ್ 2 ಪೆಟ್ರೋಲ್ ಕಾರು ಗದಗದ ನಮ್ಮ ಮನೆಯಲ್ಲಿ ಇಂದಿಗೂ ಓಡುವ ಸ್ಥಿತಿಯಲ್ಲಿದೆ. ಎಂಜಿನ್, ಡೈನಮೋ (ಬ್ಯಾಟರಿ ತುಂಬುವ ವಿದ್ಯುತ್ ಯಂತ್ರ) ಎಲ್ಲವೂ ಮೂಲದವೇ. ಗದಗದಿಂದ ಅಣ್ಣಿಗೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವಾಗ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಹುಬ್ಬಳ್ಳಿ ಊರೊಳಗೆ ಬಂದು ಚೆನ್ನಮ್ಮ ವೃತ್ತದ ವಾಹನ ದಟ್ಟಣೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ತಾಪ ತೋರಿಸುವ ಮುಳ್ಳು ಮೇಲಕ್ಕೆ ಏರಿ, ರೇಡಿಯೇಟರ್‌ನಿಂದ ನೀರು ಉಕ್ಕುತ್ತದೆ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟ) ತೆಗೆದುಹಾಕಿದರು, ಗುಣ ಕಾಣಲಿಲ್ಲ. ಇನ್ನೊಬ್ಬರು ಬೆಲ್ಟ್ ಫ್ಯಾನ್ ತೆಗೆದು ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನ್ ಹಾಕೋಣ ಎನ್ನುತ್ತಾರೆ. ಮೂರನೆಯವರು ಇರುವ ಫ್ಯಾನ್ ಇರಲಿ, ಮುಂದೆ ಇನ್ನೊಂದು ಹಾಕೋಣ ಎನ್ನುತ್ತಾರೆ. ಯಾವುದು ಸರಿ? ನೀರು ಮನೆಯ ಬೋರ್‌ವೆಲ್‌ನದೇ ಹಾಕುತ್ತೇವೆ.

ಉತ್ತರ: ಮೂರನೆಯವರ ಮಾತು ಸರಿಯಿದೆ, ಆದರೆ ಅದನ್ನು ಮೊದಲ ಕೆಲಸವಾಗಿ ಮಾಡಬಾರದು. ಮೊದಲು ಮಾಡಬೇಕಾದ ಕೆಲಸದ ಸುಳಿವು ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲಿಯೇ ಇದೆ.

ರಸ್ತೆಯಲ್ಲಿ ತಂಪಾಗಿದ್ದು ನಿಂತಾಗ ಮಾತ್ರ ಕಾಯುವ ಕಾರಿನಲ್ಲಿ ಕೊರತೆಯಾಗಿರುವುದು ಗಾಳಿ. ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಎದುರುಗಾಳಿಯೇ ಗ್ರಿಲ್ ಮೂಲಕ ನುಗ್ಗಿ ರೇಡಿಯೇಟರನ್ನು ತಣಿಸುತ್ತದೆ. ಆಗ ಫ್ಯಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಹೆಚ್ಚೂಕಡಿಮೆ ಒಂದೇ. ಕಾರು ನಿಂತಾಗ ಎದುರುಗಾಳಿ ಇರುವುದಿಲ್ಲ, ಬೆಲ್ಟ್‌ನಿಂದ ತಿರುಗುವ ಫ್ಯಾನ್ ಎಂಜಿನ್ ಜೊತೆಗೇ ನಿಧಾನವಾಗುತ್ತದೆ, ಅದೇ ಪುಲ್ಲಿಯ ಮೇಲಿರುವ ವಾಟರ್ ಪಂಪ್ ಕೂಡ ನಿಧಾನವಾಗುತ್ತದೆ. ಹೀಗೆ ಗಾಳಿ ಮತ್ತು ನೀರು ಎರಡರ ಓಟವೂ ಒಟ್ಟಿಗೆ ಕುಗ್ಗಿದ ಹೊತ್ತಿನಲ್ಲಿಯೇ ನೀವು ಸಿಗ್ನಲ್‌ನಲ್ಲಿ ನಿಂತಿರುತ್ತೀರಿ. ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ವೇಗಕ್ಕೆ ಕಟ್ಟುಬಿದ್ದಿಲ್ಲವಾದ್ದರಿಂದ ಈ ಹೊತ್ತಿಗೆ ಅದು ನಿಜಕ್ಕೂ ಉಪಯೋಗದ ವಸ್ತು. ನಿಮ್ಮ ದೂರು ಇದಕ್ಕೆ ವಿರುದ್ಧವಾಗಿದ್ದು, ಊರೊಳಗೆ ತಂಪಾಗಿದ್ದ ಕಾರು ಹೆದ್ದಾರಿಯಲ್ಲಿ ಕಾಯುತ್ತಿದ್ದರೆ, ಎಷ್ಟು ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಇಲ್ಲಿಗೇ ಉತ್ತರ ಮುಗಿಸುತ್ತಿದ್ದೆ. ಆಗ ನೋಡಬೇಕಾದವು ಕಟ್ಟಿಕೊಂಡ ಕೊಳವೆ, ಒಳಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್ ಪೈಪ್, ಹಿಂದೆ ಬಿದ್ದ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಅಥವಾ ಹೆಡ್ ಗ್ಯಾಸ್ಕೆಟ್.

ಆದರೂ ಒಂದು ಮಾತನ್ನು ಮರೆಯಬಾರದು. ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಆದ್ದರಿಂದ ನಮ್ಮ ಬಿಸಿಲಿಗೆ ಅದು ತಾಳದು ಎಂದು ಹೇಳುವವರು ಬಹಳ. ನಾನು ಅದನ್ನು ಒಪ್ಪುವುದಿಲ್ಲ. ಇದೇ 1489 ಸಿ.ಸಿ. ಎಂಜಿನ್, ಇದೇ ಬೆಲ್ಟ್ ಫ್ಯಾನ್ ಇಟ್ಟುಕೊಂಡು ಈ ಕಾರುಗಳು ಕೋಲ್ಕತ್ತದ ದಟ್ಟಣೆಯಲ್ಲಿ ದಶಕಗಳ ಕಾಲ ಟ್ಯಾಕ್ಸಿಯಾಗಿ ದುಡಿದಿವೆ. ಹೊಸದಿದ್ದಾಗ ನಿಮ್ಮ ತಂದೆಯವರ ಕಾರು ಕೂಡ ಹುಬ್ಬಳ್ಳಿಯಲ್ಲಿ ನೀರು ಉಕ್ಕಿಸಿರಲಿಕ್ಕಿಲ್ಲ. ಅಂದರೆ ಅಂದು ಇದ್ದ ಶಕ್ತಿ ಇಂದು ಎಲ್ಲಿಯೋ ಸೋರಿಹೋಗಿದೆ. ಅದನ್ನು ಮರಳಿ ಪಡೆಯದೆ ಫ್ಯಾನ್ ಹಾಕಿದರೆ ಒಂದು ಬೇಸಿಗೆ ತಳ್ಳಬಹುದು, ಎರಡನೆಯದು ಕಷ್ಟ.

ಈಗ ಬೋರ್‌ವೆಲ್ ವಿಷಯ. ಗದಗ ಸೀಮೆಯ ಸವಳು ನೀರು ಬಚ್ಚಲ ಹಂಡೆಗೆ ಏನು ಮಾಡುತ್ತದೆಂದು ನಿಮಗೆ ಗೊತ್ತೇ ಇದೆ. ಹಂಡೆಯ ಒಳಗೆ ಬೆಳ್ಳಗೆ, ಸುಣ್ಣದಂತೆ ಕಟ್ಟುವ ಆ ಪದರ ರೇಡಿಯೇಟರಿನ ಚಪ್ಪಟೆ ಕೊಳವೆಗಳ ಒಳಗೂ, ಎಂಜಿನ್ ಬ್ಲಾಕಿನ ನೀರಿನ ಹಾದಿಯಲ್ಲೂ ಕಟ್ಟುತ್ತದೆ. ಈ ಪದರ ಶಾಖವನ್ನು ದಾಟಿಸುವುದರಲ್ಲಿ ಲೋಹಕ್ಕಿಂತ ಬಹಳ ಹಿಂದೆ. ನೀರು ಉಕ್ಕಿದಷ್ಟೂ ನೀವು ಮತ್ತೆ ಬೋರ್‌ವೆಲ್ ನೀರು ಹಾಕುತ್ತೀರಿ, ಹೊಸ ನೀರಿನೊಂದಿಗೆ ಹೊಸ ಸುಣ್ಣ ಒಳಗೆ ಹೋಗುತ್ತದೆ. ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ಒಂದೊಂದೇ ಕೊಳವೆಗೆ ಪಟ್ಟಿ ಸಲಾಕೆ ತೂರಿಸಿ ಚೊಕ್ಕ ಮಾಡುವ ರೇಡಿಯೇಟರ್ ಕೆಲಸಗಾರರು ಹುಬ್ಬಳ್ಳಿಯಲ್ಲಿ ಇನ್ನೂ ಸಿಗುತ್ತಾರೆ. ತಾಮ್ರ–ಹಿತ್ತಾಳೆಯ ಹಳೆಯ ರೇಡಿಯೇಟರಿನ ದೊಡ್ಡ ಗುಣವೇ ಇದು, ಅದನ್ನು ಬಿಚ್ಚಿ ಮತ್ತೆ ಬೆಸೆಯಬಹುದು. ಇಂದಿನ ಅಲ್ಯೂಮಿನಿಯಂ–ಪ್ಲಾಸ್ಟಿಕ್ ರೇಡಿಯೇಟರಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಹಳೆಯದನ್ನು ಗುಜರಿಗೆ ಕೊಡಬೇಡಿ. ರೇಡಿಯೇಟರ್ ಹೊರಗಿರುವಾಗಲೇ ಬ್ಲಾಕಿನ ಪಕ್ಕದ ಡ್ರೈನ್ ನಲ್ಲಿಯನ್ನೂ ತೆಗೆಸಿರಿ. ನಲ್ಲಿ ತೆಗೆದರೂ ನೀರು ಬಾರದಿದ್ದರೆ ಅದರ ಹಿಂದೆ ತುಕ್ಕಿನ ರಾಡಿ ಗಟ್ಟಿಯಾಗಿ ಕೂತಿದೆ ಎಂದು ಅರ್ಥ. ತಂತಿಯಿಂದ ಕೆದಕಿ, ಪೈಪ್ ಹಿಡಿದು ತಿಳಿನೀರು ಬರುವ ತನಕ ತೊಳೆಸಬೇಕು.

ಹೊರಗಿನ ಕಡೆಯನ್ನೂ ನೋಡಬೇಕು. ಕಳೆದ ವರ್ಷ ನಿಮ್ಮ ಕಡೆಯದೇ ಒಂದು ಹಳೆಯ ಕಾರಿನ ರೇಡಿಯೇಟರನ್ನು ನನ್ನ ಮುಂದೆ ಇಳಿಸಿದರು. ಮುಂದಿನಿಂದ ನೋಡಿದರೆ ಚೊಕ್ಕವಾಗಿಯೇ ಇತ್ತು. ಬಿಸಿಲಿಗೆ ಹಿಡಿದು ನೋಡಿದಾಗ ಕೆಳಗಿನ ಅರ್ಧದಲ್ಲಿ ಬೆಳಕೇ ದಾಟಲಿಲ್ಲ. ತೆಳು ಪಟ್ಟಿಗಳ ನಡುವೆ, ಎರಡು ಬೆರಳು ಒಳಗೆ, ಅರಳೆಯ ಎಳೆಗಳು ಎರೆ ಮಣ್ಣಿನ ಧೂಳು ಮತ್ತು ಎಣ್ಣೆಯ ಜಿಡ್ಡಿನೊಂದಿಗೆ ಕೂಡಿ ಕರಿಯ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಚಿಮಟದಿಂದ ಹಿಡಿದೆಳೆದರೆ ತುಂಡುತುಂಡಾಗಿ, ಸುಲಿದ ಸಿಪ್ಪೆಯ ಹಾಗೆ ಹೊರಬಂದವು. ಹತ್ತಿ ತುಂಬಿದ ಲಾರಿಗಳ ಹಿಂದೆ ಸುಗ್ಗಿಯ ತಿಂಗಳುಗಳಲ್ಲಿ ಓಡಾಡುವ ಕಾರುಗಳಿಗೆ ಇದು ತಪ್ಪಿದ್ದಲ್ಲ. ಇಂಥ ಜಾಲರಿಯ ಮುಂದೆ ಎರಡು ಫ್ಯಾನ್ ಇಟ್ಟರೂ ಗಾಳಿ ದಾಟಲು ದಾರಿ ಎಲ್ಲಿದೆ? ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದ ನೀರಿನಿಂದ ತೊಳೆಸಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪಂಪು ಹಿಡಿದರೆ ತೆಳು ಪಟ್ಟಿಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ರೇಡಿಯೇಟರ್ ಮುಚ್ಚಳಕ್ಕೆ ಬೆಲೆ ಕಡಿಮೆ, ಮಹತ್ವ ಹೆಚ್ಚು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಸರಿಯಾಗಿ ಕೂರುವ, ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯುವ ಮುಚ್ಚಳ ಆ ಕುದಿಬಿಂದುವನ್ನು 110ರ ಸಮೀಪಕ್ಕೆ ಒಯ್ಯುತ್ತದೆ. ರಬ್ಬರ್ ಹಳತಾಗಿ ಒತ್ತಡ ಹಿಡಿಯದ ಮುಚ್ಚಳ ಈ ಹನ್ನೆರಡು ಡಿಗ್ರಿಯನ್ನು ಬಿಟ್ಟುಕೊಡುತ್ತದೆ, ಆಗ ಎಂಜಿನ್ ಅತಿಯಾಗಿ ಕಾಯದಿದ್ದರೂ ನೀರು ಉಕ್ಕುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ ಒತ್ತಡದ ಮುಚ್ಚಳವನ್ನೇ ಹಾಕಿರಿ. ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ಬೆಸುಗೆ ಬಾಯಿ ಬಿಡುತ್ತದೆ. ಬೆಲ್ಟನ್ನು ಉದ್ದನೆಯ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಾಗಬೇಕು, ಅದಕ್ಕಿಂತ ಸಡಿಲ ಬೇಡ.

ಥರ್ಮೋಸ್ಟಾಟನ್ನು ಮತ್ತೆ ಹಾಕಿಸಿರಿ. ಅದನ್ನು ತೆಗೆದದ್ದರಿಂದ ಗುಣ ಕಾಣದಿರುವುದು ಸಹಜವೇ ಆಗಿದೆ, ಏಕೆಂದರೆ ನೀರು ಉಕ್ಕುವಷ್ಟು ಕಾದಾಗ ಒಳ್ಳೆಯ ಥರ್ಮೋಸ್ಟಾಟ್ ತಾನಾಗಿಯೇ ಪೂರ್ತಿ ತೆರೆದಿರುತ್ತದೆ. ತೆರೆದಿರುವ ಬಾಗಿಲನ್ನು ಕಿತ್ತುಹಾಕಿದರೆ ಹೆಚ್ಚುವರಿ ದಾರಿ ಸಿಗುವುದಿಲ್ಲ. ತಂಪು ಬೆಳಗಿನಲ್ಲಿ ಮಾತ್ರ ಎಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಆ ಅವಧಿಯಲ್ಲಿ ಸಿಲಿಂಡರ್ ಹೆಚ್ಚು ಸವೆಯುತ್ತದೆ. ಹಾಕುವ ಮೊದಲು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿರಿ. ಅದರ ಮೇಲೆ ಒತ್ತಿದ ಅಂಕಿ 82 ಇದ್ದರೆ 82 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ತೊಡಗಬೇಕು.

ಇಷ್ಟು ಮಾಡಿದ ಮೇಲೆ, ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ದಟ್ಟಣೆಗೆಂದು, ಹೆಚ್ಚುವರಿ ಫ್ಯಾನ್ ಹಾಕಿಸಿರಿ. ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಒಂದನ್ನೇ ನೆಚ್ಚಿಕೊಳ್ಳುವ ಎರಡನೆಯ ಸಲಹೆಯನ್ನು ಮಾತ್ರ ಡೈನಮೋ ಇರುವ ಕಾರಿನಲ್ಲಿ ನಾನು ಒಪ್ಪಲಾರೆ. ಕಾರಣ ವಿದ್ಯುತ್ತಿನ ಲೆಕ್ಕ. ಆ ಕಾಲದ ಡೈನಮೋ ಚೆನ್ನಾಗಿ ತಿರುಗುವಾಗ ಕೊಡುವುದು ಹೆಚ್ಚೆಂದರೆ 20–22 ಆಂಪಿಯರ್. ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುವಾಗ ಅದು ಬಹುತೇಕ ಏನನ್ನೂ ಕೊಡುವುದಿಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುವುದು ಅದಕ್ಕೇ. 10–12 ಇಂಚಿನ ಫ್ಯಾನ್ ಒಂದಕ್ಕೆ ಸುಮಾರು 8 ಆಂಪಿಯರ್ ಬೇಕು, ಇಗ್ನಿಷನ್‌ಗೆ 3. ಹಗಲು ಸಿಗ್ನಲ್‌ನಲ್ಲಿ ನಿಂತಾಗ ಈ 11 ಆಂಪಿಯರ್ ಪೂರ್ತಿ ಬ್ಯಾಟರಿಯಿಂದಲೇ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ ನಾಲ್ಕು ಆಂಪಿಯರ್–ಅವರ್‌ಗಿಂತ ತುಸು ಕಡಿಮೆ. ಒಳ್ಳೆಯ ಬ್ಯಾಟರಿಗೆ ಇದು ಭಾರವಲ್ಲ, ಮುಂದೆ ರಸ್ತೆಗೆ ಬಿದ್ದಾಗ ಡೈನಮೋ ತುಂಬಿಕೊಡುತ್ತದೆ. ಅದೇ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಖರ್ಚು 20 ಆಂಪಿಯರ್ ದಾಟುತ್ತದೆ. ಬೆಲ್ಟ್ ಫ್ಯಾನ್ ಇದ್ದರೆ ಎಲೆಕ್ಟ್ರಿಕ್ ಫ್ಯಾನ್ ಬೇಕಾದಾಗ ಮಾತ್ರ ಕೆಲವು ನಿಮಿಷ ತಿರುಗಿ ನಿಲ್ಲುತ್ತದೆ. ಬೆಲ್ಟ್ ಫ್ಯಾನ್ ಇಲ್ಲದಿದ್ದರೆ ಊರೊಳಗೆ ಅದು ನಿಲ್ಲುವುದೇ ಇಲ್ಲ. ಜೊತೆಗೆ, ಫ್ಯೂಸ್ ಹಾರಿದ ದಿನ ನಿಮ್ಮ ಬಳಿ ಒಂದೂ ಫ್ಯಾನ್ ಇರುವುದಿಲ್ಲ.

ಎಂಜಿನ್ ಕಡೆಯ ಜಾಗವನ್ನು ಬೆಲ್ಟ್ ಫ್ಯಾನ್ ಹಿಡಿದಿರುವುದರಿಂದ ಹೊಸದನ್ನು ರೇಡಿಯೇಟರಿನ ಮುಂದೆ, ಗ್ರಿಲ್‌ನ ಹಿಂದೆ ಕೂರಿಸಬೇಕು. ಹಾಗೆ ಮುಂದೆ ಕೂತ ಫ್ಯಾನ್ ಗಾಳಿಯನ್ನು ಎಂಜಿನ್ ಕಡೆಗೆ ತಳ್ಳಬೇಕು. ಮಾರುತಿ 800ರದು ಹಿಂದೆ ಕೂತು ಗಾಳಿಯನ್ನು ಎಳೆಯುವ ಫ್ಯಾನ್. ತಂತಿ ಅದಲುಬದಲು ಮಾಡಿ ಅದನ್ನು ಉಲ್ಟಾ ತಿರುಗಿಸಿದರೆ ಗಾಳಿ ತಳ್ಳುತ್ತದೆ ನಿಜ, ಆದರೆ ರೆಕ್ಕೆಗಳ ಬಾಗು ಎಳೆಯುವುದಕ್ಕೆ ಹೊಂದಿದ್ದಾದ್ದರಿಂದ ಶಕ್ತಿ ಗಣನೀಯವಾಗಿ ಕುಂದುತ್ತದೆ. ತಳ್ಳುವುದಕ್ಕೆಂದೇ ಮಾಡಿದ, ಏ.ಸಿ. ಕಂಡೆನ್ಸರ್ ಮುಂದೆ ಹಾಕುವ ತೆಳುವಾದ ಫ್ಯಾನ್ ಕೊಂಡರೆ ಒಳ್ಳೆಯದು. ಕೊಳ್ಳುವ ಮೊದಲು ಗ್ರಿಲ್‌ಗೂ ರೇಡಿಯೇಟರಿಗೂ ನಡುವಿನ ಅಂತರವನ್ನು ಅಳೆದುಕೊಳ್ಳಿರಿ. ತೀರ ದೊಡ್ಡದು ಬೇಡ, ಮುಂದೆ ಕೂತ ಫ್ಯಾನ್ ಓಟದಲ್ಲಿ ಎದುರುಗಾಳಿಗೆ ತಾನೇ ಅಡ್ಡವಾಗುತ್ತದೆ.

ದಿಕ್ಕಿನ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಬ್ರಿಟಿಷ್ ಮೂಲದ ಹಳೆಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ಜೋಡಿಸಿರುತ್ತಾರೆ. ಅಂಥ ಕಾರೊಂದರಲ್ಲಿ ನಾನು ಅಭ್ಯಾಸಬಲದಿಂದ ಫ್ಯಾನಿನ ಕರಿ ತಂತಿಯನ್ನು ಬಾಡಿಗೆ, ಕೆಂಪನ್ನು ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಕೊಟ್ಟು, ಫ್ಯಾನ್ ಜೋರಾಗಿ ತಿರುಗಿದ್ದು ನೋಡಿ ತೃಪ್ತನಾದೆ. ಮುಳ್ಳು ಮೊದಲಿಗಿಂತ ಬೇಗ ಏರಿತು. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದೆ. ಅದು ಒಳಕ್ಕೆ ಅಂಟಿಕೊಳ್ಳುವ ಬದಲು ನನ್ನ ಎದೆಗೆ ಬಂದು ಬಡಿಯಿತು. ಹಿಂದಿನ ಫ್ಯಾನ್ ಒಳಕ್ಕೆ ಎಳೆಯುತ್ತಿತ್ತು, ನಾನು ಹಾಕಿದ್ದು ಹೊರಕ್ಕೆ ಊದುತ್ತಿತ್ತು, ನಡುವೆ ರೇಡಿಯೇಟರ್ ಗಾಳಿಯಿಲ್ಲದೆ ಕೂತಿತ್ತು. ಕೆಲಸ ಶುರುಮಾಡುವ ಮೊದಲು ನಿಮ್ಮ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ನೋಡಿಕೊಳ್ಳಿರಿ. ಮುಗಿದ ಮೇಲೆ ಹಾಳೆಯ ಪರೀಕ್ಷೆ ಮಾಡಿರಿ.

ಹೊಸ ಫ್ಯಾನಿನ ಪೊಟ್ಟಣದಲ್ಲಿ ಜಾಲರಿಯ ಮೂಲಕವೇ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ದಯವಿಟ್ಟು ಅವನ್ನು ಎಸೆಯಿರಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಫ್ಯಾನಿನ ಭಾರವೆಲ್ಲ ಆ ನಾಲ್ಕು ತೂತುಗಳ ಮೇಲೆ ಬಿದ್ದು, ಪಟ್ಟಿ ತಿಕ್ಕಿ ತಿಕ್ಕಿ ಕೊನೆಗೆ ಕೊಳವೆಯೇ ಸೋರುತ್ತದೆ. ಒಂದಿಂಚಿನ ಕಬ್ಬಿಣದ ಪಟ್ಟಿ ಎರಡನ್ನು ರೇಡಿಯೇಟರಿನ ಎಡಬಲದ ಬೋಲ್ಟುಗಳಿಗೆ ಅಡ್ಡಲಾಗಿ ಬಿಗಿದು, ನಡುವೆ ರಬ್ಬರ್ ವಾಷರ್ ಇಟ್ಟು, ಫ್ಯಾನನ್ನು ಆ ಪಟ್ಟಿಗಳಿಗೆ ಕೂರಿಸಬೇಕು. ಹಿಂದಿನ ಬೆಲ್ಟ್ ಫ್ಯಾನಿಗೆ ಸುತ್ತ ತಗಡಿನ ಕವಚ ಇಲ್ಲದಿದ್ದರೆ ಅದನ್ನೂ ಮಾಡಿಸಿರಿ. ಕವಚವಿಲ್ಲದ ಫ್ಯಾನ್ ರೇಡಿಯೇಟರ್ ಮೂಲಕ ಹೊರಗಿನ ಗಾಳಿಯನ್ನು ಎಳೆಯುವ ಬದಲು ಅಂಚಿನಿಂದ ಎಂಜಿನ್ನಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ರೆಕ್ಕೆಯ ತುದಿಗೂ ಕವಚಕ್ಕೂ ಒಂದಿಂಚು ಅಂತರವಿರಲಿ, ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗುತ್ತದೆ. ವೈರಿಂಗ್ ಇಲ್ಲದ, ಬ್ಯಾಟರಿ ತಿನ್ನದ ಸುಧಾರಣೆಯಾದ್ದರಿಂದ ನನಗೆ ಇದರ ಮೇಲೆ ಪ್ರೀತಿ ಹೆಚ್ಚು.

ವೈರಿಂಗ್‌ನಲ್ಲಿ ಫ್ಯಾನಿನ ಪೂರ್ತಿ ಕರೆಂಟನ್ನು ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೂಲಕ ಒಯ್ಯಬೇಡಿ. ಐವತ್ತು ವರ್ಷದ ಆ ತಂತಿ ಅದಕ್ಕೆ ತಾಳದು. ನಾಲ್ಕು ಪಿನ್ನಿನ ಸಾಮಾನ್ಯ ರಿಲೇ ಒಂದನ್ನು ಬಳಸಿರಿ. ಬ್ಯಾಟರಿಯಿಂದ ಹೊರಟ ತಂತಿಗೆ ಒಂದು ಗೇಣಿನೊಳಗೇ 15 ಆಂಪಿಯರ್ ಫ್ಯೂಸ್ ಹಾಕಿ 30ನೇ ಪಿನ್ನಿಗೆ ಕೊಡಬೇಕು, 87ರಿಂದ ಫ್ಯಾನಿಗೆ ಒಯ್ಯಬೇಕು. ಈ ದಾರಿಗೆ 2.5 ಚದರ ಮಿ.ಮೀ. ತಂತಿಗಿಂತ ತೆಳುವಾದದ್ದು ಬೇಡ. ಉಳಿದ 85, 86ರಲ್ಲಿ ಒಂದಕ್ಕೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ತಂತಿ, ಇನ್ನೊಂದು, ನೀರು ಕಾದಾಗ ತಾನಾಗಿ ಚಾಲೂ ಆಗುವ ತಾಪದ ಸ್ವಿಚ್ಚಿನ ಮೂಲಕ ಬಾಡಿಗೆ. ಹೀಗಿದ್ದರೆ ಚಾವಿ ತೆಗೆದೊಡನೆ ಫ್ಯಾನ್ ಬಂದ್ ಆಗುತ್ತದೆ, ಮರೆವಿನಿಂದ ಬ್ಯಾಟರಿ ಬರಿದಾಗುವುದಿಲ್ಲ. ಮೊದಲ ಕ್ಷಣದಲ್ಲಿ ಮೋಟಾರು ತನ್ನ ಸಹಜ ಕರೆಂಟಿನ ಎರಡು ಮೂರು ಪಟ್ಟು ಎಳೆಯುವುದರಿಂದ 10 ಆಂಪಿಯರ್ ಫ್ಯೂಸ್ ಸಾಲದು.

ತಾಪದ ಸ್ವಿಚ್ಚನ್ನು ರೇಡಿಯೇಟರಿನ ಮೇಲಿನ ಹೋಸ್ ಪೈಪಿನಲ್ಲಿ ಕೂರಿಸುವುದು ಸುಲಭ. ಲೇತ್ ಅಂಗಡಿಯಲ್ಲಿ ಹೋಸ್‌ನ ಒಳ ಅಳತೆಗೆ ಹಿತ್ತಾಳೆಯ ಗಿಡ್ಡ ಕೊಳವೆಯೊಂದನ್ನು ತಿರುವಿಸಿ, ಎರಡೂ ತುದಿಗೆ ಸಣ್ಣ ಉಬ್ಬು ಬಿಡಿಸಿ, ನಡುವೆ ಸ್ವಿಚ್ಚನ್ನು ತಿರುಗಿಸಿ ಕೂರಿಸಲು ಥ್ರೆಡ್ ಹಾಕಿಸಿ, ಹೋಸ್ ಕತ್ತರಿಸಿ ನಡುವೆ ಸೇರಿಸಿ ಎರಡು ಕ್ಲಾಂಪ್ ಬಿಗಿದರಾಯಿತು. ಇಲ್ಲಿ ಅನೇಕರು ಒಂದು ಕಡೆ ಎಡವುತ್ತಾರೆ: ಒಂದೇ ಪಿನ್ನಿನ ಸ್ವಿಚ್ ತನ್ನ ಮೈಯ ಮೂಲಕ ಬಾಡಿಯ ಸಂಪರ್ಕ ಪಡೆಯಬೇಕು, ಆದರೆ ಈ ಹಿತ್ತಾಳೆಯ ತುಂಡಿನ ಎರಡೂ ಕಡೆ ರಬ್ಬರ್ ಇದೆ. ಅದಕ್ಕೆ ಪ್ರತ್ಯೇಕ ತಂತಿ ಬೆಸೆದು ಬಾಡಿಗೆ ಕೊಡದಿದ್ದರೆ ಫ್ಯಾನ್ ಎಂದೂ ತಿರುಗುವುದಿಲ್ಲ. ಸ್ವಿಚ್ 92ರಿಂದ 95 ಡಿಗ್ರಿಯೊಳಗೆ ಚಾಲೂ ಆಗಿ, 87ರ ಸುಮಾರಿಗೆ ಬಂದ್ ಆಗುವಂಥದ್ದಿರಲಿ. 82ಕ್ಕೇ ಚಾಲೂ ಆಗುವ ಸ್ವಿಚ್ ಹಾಕಿದರೆ ಥರ್ಮೋಸ್ಟಾಟ್ ಬಾಯಿ ಬಿಡುವ ಹೊತ್ತಿಗೇ ಫ್ಯಾನ್ ಶುರುವಾಗಿ ದಿನವಿಡೀ ನಿಲ್ಲದು.

ಡೈನಮೋ ಬದಲು ಆಲ್ಟರ್ನೇಟರ್ (ನಿಧಾನ ಓಟದಲ್ಲೂ ವಿದ್ಯುತ್ ಕೊಡುವ ಯಂತ್ರ) ಹಾಕಿಸುವ ವಿಚಾರವಿದ್ದರೆ 35 ಆಂಪಿಯರ್ ಅಥವಾ ಹೆಚ್ಚಿನದು ಈ ಲೆಕ್ಕವನ್ನೆಲ್ಲ ಹಗುರ ಮಾಡುತ್ತದೆ, ರಾತ್ರಿ ಓಡಾಟ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಪಾಸಿಟಿವ್ ಬಾಡಿಗಿರುವ ಕಾರಾದರೆ ಮೊದಲು ಅದನ್ನು ನೆಗೆಟಿವ್‌ಗೆ ಬದಲಿಸಬೇಕಾಗುತ್ತದೆ, ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿರಿ.

ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್‌ಗೆ ಮೂರನೇ ಒಂದು ಭಾಗದಷ್ಟು ಕೂಲೆಂಟ್ ಬೆರೆಸಿ ತುಂಬಿರಿ. ಹಿಮ ಬೀಳದ ನಮ್ಮ ಸೀಮೆಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ, ಶಾಖ ಹೊತ್ತೊಯ್ಯುವುದರಲ್ಲಿ ಬರಿ ನೀರೇ ಕೂಲೆಂಟಿಗಿಂತ ಮೇಲು. ಕೂಲೆಂಟ್ ಬೇಕಾಗಿರುವುದು ಮುಖ್ಯವಾಗಿ ತುಕ್ಕು ತಡೆಯಲು. ತಾಮ್ರ–ಹಿತ್ತಾಳೆಯ ರೇಡಿಯೇಟರಿಗೆ ಒಪ್ಪುವಂಥದ್ದೇ ಎಂದು ಡಬ್ಬಿಯ ಮೇಲೆ ನೋಡಿ ಕೊಳ್ಳಿರಿ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ದಟ್ಟಣೆಯಲ್ಲಿ ಎಂಜಿನ್ ತಡವರಿಸಿ ನಿಂತು, ನೀರು ಉಕ್ಕದೆಯೂ ಮತ್ತೆ ಚಾಲೂ ಆಗದಿದ್ದರೆ, ಅದು ಪೆಟ್ರೋಲ್ ಪಂಪ್ ಕಾದು ಪೈಪಿನಲ್ಲಿ ಪೆಟ್ರೋಲ್ ಆವಿಯಾದದ್ದರ ಲಕ್ಷಣ. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಅದಕ್ಕೇ. ಹೊಸ ಫ್ಯಾನ್ ಅದನ್ನು ತುಸು ಕಡಿಮೆ ಮಾಡೀತು, ಪೂರ್ತಿ ತೆಗೆಯಲಾರದು.

ಎಲ್ಲ ಮುಗಿದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಮನೆಯ ಮುಂದೆಯೇ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಗಡಿಯಾರ ಹಿಡಿದು ಕೂತುಕೊಳ್ಳಿರಿ. ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡಿ. ಫ್ಯಾನ್ ಎಷ್ಟು ನಿಮಿಷಕ್ಕೆ ಶುರುವಾಯಿತು, ಎಷ್ಟು ನಿಮಿಷ ತಿರುಗಿ ನಿಂತಿತು ಎಂದು ಬರೆದುಕೊಳ್ಳಿರಿ. ನಾಲ್ಕೈದು ನಿಮಿಷದಲ್ಲಿ ತಾನಾಗಿ ನಿಂತರೆ ಕಾರು ಹುಬ್ಬಳ್ಳಿಗೆ ಸಿದ್ಧ. ನಿಲ್ಲದೆ ತಿರುಗುತ್ತಲೇ ಇದ್ದು ಮುಳ್ಳೂ ಏರುತ್ತಿದ್ದರೆ, ಎಕ್ಸಲರೇಟರ್ ತುಸು ಒತ್ತಿ ಎಂಜಿನ್ ವೇಗ ಹೆಚ್ಚಿಸಿ ನೋಡಿರಿ. ಆಗ ಮುಳ್ಳು ಇಳಿದರೆ ವಾಟರ್ ಪಂಪಿನ ರೆಕ್ಕೆ ಸವೆದಿರುವ ಸಂಭವ ಹೆಚ್ಚು, ಪಂಪ್ ಬಿಚ್ಚಿಸಿರಿ. ಇಳಿಯದಿದ್ದರೆ ಬ್ಲಾಕಿನೊಳಗೆ ರಾಡಿ ಇನ್ನೂ ಉಳಿದಿದೆ, ಡ್ರೈನ್ ನಲ್ಲಿಯ ಕೆಲಸವನ್ನು ಇನ್ನೊಮ್ಮೆ ಮಾಡಿಸಬೇಕು.